ಮೆಲಿಯೊಯ್ಡೋಸಿಸ್: ಮಣ್ಣಿನಿಂದ ಯಕೃತ್ತಿಗೆ

ಮಣ್ಣಿನಲ್ಲಿಯೂ ನಿಂತ ನೀರಿನಲ್ಲಿಯೂ ಬದುಕುವ ಒಂದು ಬ್ಯಾಕ್ಟೀರಿಯಾ ಮನುಷ್ಯನ ದೇಹವನ್ನು ಹೊಕ್ಕು ಶ್ವಾಸಕೋಶ, ಯಕೃತ್ತು, ಗುಲ್ಮ ಮೊದಲಾದ ಅಂಗಗಳಲ್ಲಿ ಕೀವಿನ ಬಾವುಗಳನ್ನು ಉಂಟುಮಾಡುವ ರೋಗಕ್ಕೆ ಮೆಲಿಯೊಯ್ಡೋಸಿಸ್ ಎಂದು ಹೆಸರು. ಕರ್ನಾಟಕದಲ್ಲಿ ಇದು ಹೆಚ್ಚಾಗಿ ಪತ್ತೆಯಾಗಿರುವುದು ಕರಾವಳಿಯಲ್ಲಿ. ಘಟ್ಟದ ಮೇಲಿನ ಕಳಸ, ಮೂಡಿಗೆರೆ, ಚಿಕ್ಕಮಗಳೂರಿನ ಕಾಫಿ ಸೀಮೆಯಲ್ಲಿಯೂ ಈ ರೋಗವನ್ನು ನೆನಪಿನಲ್ಲಿಟ್ಟುಕೊಳ್ಳಲು ಸಾಕಷ್ಟು ಕಾರಣಗಳಿವೆ. ಅದೇ ಮುಂಗಾರು, ಅದೇ ಕೆಸರು, ಅದೇ ಸಕ್ಕರೆ ಕಾಯಿಲೆ ಇಲ್ಲಿಯೂ ಇವೆ.

ಇದನ್ನು ವಿರಳ ರೋಗವೆಂದು ಕರೆಯುವುದು ವಾಡಿಕೆ. ಆದರೆ ಈ ಎಣಿಕೆಯಲ್ಲಿ ಪ್ರಯೋಗಾಲಯದ ಪಾಲು ದೊಡ್ಡದು. ಕೀವನ್ನು ಕೃಷಿ ಪರೀಕ್ಷೆಗೆ, ಅಂದರೆ ಕಲ್ಚರ್‌ಗೆ, ಕಳುಹಿಸಿದ ಕಡೆ ರೋಗ ಕಾಣಿಸುತ್ತದೆ. ಕಳುಹಿಸದ ಕಡೆ ಅದೇ ರೋಗ ಕ್ಷಯವೆಂದೋ ಸಾಮಾನ್ಯ ಬಾವೆಂದೋ ದಾಖಲಾಗುತ್ತದೆ. 2016ರಲ್ಲಿ ಪ್ರಕಟವಾದ ಒಂದು ಅಂತರರಾಷ್ಟ್ರೀಯ ಅಂದಾಜಿನ ಪ್ರಕಾರ ಪ್ರಪಂಚದಲ್ಲಿ ವರ್ಷಕ್ಕೆ ಸುಮಾರು 1,65,000 ಜನರಿಗೆ ಈ ಸೋಂಕು ತಗಲುತ್ತದೆ, ಸುಮಾರು 89,000 ಜನ ಸಾಯುತ್ತಾರೆ. ಅದರಲ್ಲಿ ಶೇ. 44ರಷ್ಟು ಹೊರೆ ದಕ್ಷಿಣ ಏಷ್ಯಾದ್ದು.

ಶೋಧದ ಇತಿಹಾಸ

1911ರಲ್ಲಿ ರಂಗೂನಿನ ಸರ್ಕಾರಿ ಆಸ್ಪತ್ರೆಯಲ್ಲಿ ಆಲ್ಫ್ರೆಡ್ ವಿಟ್ಮೋರ್ ಎಂಬ ರೋಗವಿಜ್ಞಾನಿಯೂ ಅವರ ಸಹಾಯಕ ವೈದ್ಯರಾದ ಸಿ. ಎಸ್. ಕೃಷ್ಣಸ್ವಾಮಿಯವರೂ ಮರಣೋತ್ತರ ಪರೀಕ್ಷೆಗಳಲ್ಲಿ ಒಂದು ಹೊಸ ಬಗೆಯ ಬಾವುಗಳನ್ನು ಕಂಡರು. ಮೃತರಲ್ಲಿ ಹಲವರು ಮಾರ್ಫೀನ್ ಚುಚ್ಚಿಕೊಳ್ಳುತ್ತಿದ್ದ ಬಡವರು. ಕುದುರೆಗಳಿಗೆ ಬರುವ ಗ್ಲ್ಯಾಂಡರ್ಸ್ ರೋಗವನ್ನು ಇದು ಹೋಲುತ್ತಿದ್ದರೂ ಕೀವಿನಲ್ಲಿ ಬೆಳೆದ ಬ್ಯಾಕ್ಟೀರಿಯಾ ಬೇರೆಯಾಗಿತ್ತು. 1912ರಲ್ಲಿ ಇಂಡಿಯನ್ ಮೆಡಿಕಲ್ ಗೆಜೆಟ್ ಪತ್ರಿಕೆಯಲ್ಲಿ ಈ ಶೋಧ ಪ್ರಕಟವಾಯಿತು. ರಂಗೂನ್ ಆಗ ಬ್ರಿಟಿಷ್ ಇಂಡಿಯಾಕ್ಕೆ ಸೇರಿತ್ತು; ಆದ್ದರಿಂದ ಈ ರೋಗದ ಮೊದಲ ವಿವರಣೆಯೇ ಭಾರತೀಯ ವೈದ್ಯರೊಬ್ಬರ ಹೆಸರಿನೊಡನೆ ಆರಂಭವಾಗುತ್ತದೆ. ರೋಗಕ್ಕೆ ಈಗಿನ ಹೆಸರನ್ನು ಕೊಟ್ಟವರು ಸ್ಟ್ಯಾಂಟನ್ ಮತ್ತು ಫ್ಲೆಚರ್, 1921ರಲ್ಲಿ.

ಇಂದಿನ ಭಾರತದ ಗಡಿಯೊಳಗಿನ ಮೊದಲ ವರದಿ ಬಂದದ್ದು 1991ರಲ್ಲಿ, ಮುಂಬಯಿಯಿಂದ. ಅನಂತರ ವೆಲ್ಲೂರು ಮತ್ತು ಮಣಿಪಾಲದ ವೈದ್ಯಕೀಯ ಕಾಲೇಜುಗಳು ಇದನ್ನು ಹುಡುಕಿ ಗುರುತಿಸುವ ಕ್ರಮವನ್ನು ಬೆಳೆಸಿದವು. ಮಣಿಪಾಲದ ಕಸ್ತೂರ್ಬಾ ವೈದ್ಯಕೀಯ ಕಾಲೇಜು ಇಂದು ದೇಶದಲ್ಲಿ ಈ ರೋಗದ ಅಧ್ಯಯನಕ್ಕೆ ಹೆಸರಾದ ಕೇಂದ್ರಗಳಲ್ಲಿ ಒಂದು.

ರೋಗಾಣು

ರೋಗಾಣುವಿನ ವೈಜ್ಞಾನಿಕ ಹೆಸರು ಬರ್ಖೋಲ್ಡೇರಿಯಾ ಸ್ಯೂಡೋಮಲೈ. ಇದು ಗ್ರಾಂ ಋಣಾತ್ಮಕ ವರ್ಗದ, ಚಲನಶಕ್ತಿಯುಳ್ಳ ಸಣ್ಣ ಕಡ್ಡಿಯಾಕಾರದ ಬ್ಯಾಕ್ಟೀರಿಯಾ. ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಎರಡು ತುದಿಗಳು ಗಾಢವಾಗಿಯೂ ನಡುಭಾಗ ತಿಳಿಯಾಗಿಯೂ ಕಾಣುತ್ತವೆ. ಬದುಕಲು ಇದಕ್ಕೆ ಮನುಷ್ಯ ಬೇಕಿಲ್ಲ, ತೇವವಿರುವ ನೆಲವೇ ಸಾಕು. ಪೋಷಕಾಂಶವಿಲ್ಲದ ಶುದ್ಧ ನೀರಿನಲ್ಲಿಯೂ ಇದು ವರ್ಷಗಟ್ಟಲೆ ಜೀವಂತವಾಗಿ ಉಳಿದದ್ದನ್ನು ಪ್ರಯೋಗಗಳು ತೋರಿಸಿವೆ.

ದೇಹದೊಳಗೆ ಇದರ ವರ್ತನೆ ಬೇರೆ. ರೋಗಾಣುಗಳನ್ನು ನುಂಗಿ ಜೀರ್ಣಿಸಬೇಕಾದ ಬಿಳಿ ರಕ್ತಕಣಗಳ ಒಳಗೇ ಇದು ಬದುಕುತ್ತದೆ, ಅಲ್ಲಿಯೇ ವೃದ್ಧಿಯಾಗುತ್ತದೆ. ಒಂದು ಕೋಶದಿಂದ ಪಕ್ಕದ ಕೋಶಕ್ಕೆ ಹೊರಗೆ ಬರದೆಯೇ ದಾಟುತ್ತದೆ; ಕೋಶಗಳನ್ನು ಒಂದಕ್ಕೊಂದು ಬೆಸೆದು ಹಲವು ಕೋಶಕೇಂದ್ರಗಳುಳ್ಳ ದೈತ್ಯ ಕೋಶಗಳನ್ನು ಮಾಡುತ್ತದೆ. ಔಷಧವೂ ಪ್ರತಿಕಾಯಗಳೂ ಸುಲಭವಾಗಿ ತಲುಪದ ಈ ಅಡಗುತಾಣವೇ ಚಿಕಿತ್ಸೆ ದೀರ್ಘವಾಗಿರಲು ಮುಖ್ಯ ಕಾರಣ. ಸೋಂಕು ತಗಲಿದ ಮೇಲೆ ಸಾಮಾನ್ಯವಾಗಿ 1ರಿಂದ 21 ದಿನಗಳೊಳಗೆ ರೋಗ ತಲೆದೋರುತ್ತದೆ. ಕೆಲವರಲ್ಲಿ ಮಾತ್ರ ರೋಗಾಣು ವರ್ಷಗಳ ಕಾಲ ಸುಪ್ತವಾಗಿದ್ದು, ವಯಸ್ಸು ಅಥವಾ ಬೇರೊಂದು ಕಾಯಿಲೆ ದೇಹವನ್ನು ಕುಗ್ಗಿಸಿದಾಗ ಎಚ್ಚರಗೊಳ್ಳುತ್ತದೆ.

ಕಾಫಿ ಬೆಟ್ಟಗಳಲ್ಲಿ ಅಪಾಯ ಯಾರಿಗೆ?

ಘಟ್ಟದ ಕೆಳಗಿನ ಮಲಬಾರ್ ಕರಾವಳಿಯ ಮಣ್ಣಿನ ಮಾದರಿಗಳಲ್ಲಿ ಈ ಬ್ಯಾಕ್ಟೀರಿಯಾ ಪತ್ತೆಯಾಗಿದೆ. ಬೇಸಿಗೆಯಲ್ಲಿ ಇದು ತೇವ ಉಳಿದಿರುವ ಆಳದ ಪದರಗಳಲ್ಲಿರುತ್ತದೆ. ಮಳೆ ಹಿಡಿದು ಅಂತರ್ಜಲ ಏರಿದಾಗ ಮೇಲ್ಮಣ್ಣಿಗೂ ಹರಿಯುವ ನೀರಿಗೂ ಬರುತ್ತದೆ. ಹೀಗಾಗಿ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮುಂಗಾರಿನಲ್ಲಿಯೂ ಅದರ ಬೆನ್ನಿಗೂ ರೋಗಿಗಳ ಸಂಖ್ಯೆ ಏರುವುದನ್ನು ಕರಾವಳಿಯ ವೈದ್ಯರು ಕಂಡಿದ್ದಾರೆ.

ಭದ್ರೆ ಹರಿಯುವ ಕಳಸದ ಕಣಿವೆಯಲ್ಲಿಯೂ ಹೇಮಾವತಿ ಹುಟ್ಟುವ ಮೂಡಿಗೆರೆಯ ಬೆಟ್ಟಗಳಲ್ಲಿಯೂ ಮಳೆಗಾಲದ ದುಡಿಮೆಯೆಂದರೆ ಮಣ್ಣಿನ ದುಡಿಮೆಯೇ. ಗಿಡ ನೆಡಲು ಗುಂಡಿ ತೆಗೆಯುವುದು, ಕಳೆ ಹೊಡೆಯುವುದು, ಬಸಿಗಾಲುವೆ ಬಿಡಿಸುವುದು, ಗದ್ದೆಯಲ್ಲಿ ಅಗೆ ಕಿತ್ತು ನಾಟಿ ಮಾಡುವುದು ಎಲ್ಲವೂ ಕೈಕಾಲುಗಳನ್ನು ದಿನವಿಡೀ ಕೆಸರಿನಲ್ಲಿಡುವ ಕೆಲಸಗಳು. ಕತ್ತಿ ತಗುಲಿದ ಗೀರು, ಒಡೆದ ಹಿಮ್ಮಡಿ, ಕೆಸರುಹುಣ್ಣು, ಉಂಬಳ ಕಚ್ಚಿ ಕೆರೆದ ಗಾಯ, ಇವುಗಳಲ್ಲಿ ಯಾವುದೂ ರೋಗಾಣುವಿಗೆ ಬಾಗಿಲಾಗಬಹುದು. ಗಾಳಿಮಳೆಯಲ್ಲಿ ಹಾರುವ ತುಂತುರನ್ನು ಉಸಿರಾಡುವುದರಿಂದಲೂ ಸಂಸ್ಕರಿಸದ ನೀರನ್ನು ಕುಡಿಯುವುದರಿಂದಲೂ ಸೋಂಕು ಬರುತ್ತದೆ. ಗುಡ್ಡದ ಅಬ್ಬಿಯಿಂದ ನೇರವಾಗಿ ಪೈಪಿನಲ್ಲಿ ಮನೆಗೂ ತೋಟದ ಕಾರ್ಮಿಕರು ವಾಸಿಸುವ ಲೈನಿಗೂ ಬರುವ ನೀರು ಎಷ್ಟು ತಿಳಿಯಾಗಿ ಕಂಡರೂ ಅದು ಕ್ಲೋರಿನ್ ಕಾಣದ ನೀರು. ಮನುಷ್ಯನಿಂದ ಮನುಷ್ಯನಿಗೆ ಈ ರೋಗ ಹರಡುವುದು ಅತ್ಯಂತ ಅಪರೂಪ.

ಸೋಂಕು ತಗಲಿದವರೆಲ್ಲ ರೋಗಿಗಳಾಗುವುದಿಲ್ಲ. ಆರೋಗ್ಯವಂತರಲ್ಲಿ ಬಹುಪಾಲು ಜನರಿಗೆ ಏನೂ ಆಗುವುದಿಲ್ಲ. ರೋಗಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಮಧುಮೇಹವುಳ್ಳವರು. ಅವರ ಬಿಳಿ ರಕ್ತಕಣಗಳು ಈ ರೋಗಾಣುವನ್ನು ತಡೆಯುವಲ್ಲಿ ನಿಧಾನ. ಅತಿಯಾದ ಮದ್ಯಪಾನ, ದೀರ್ಘಕಾಲದ ಮೂತ್ರಪಿಂಡ ಅಥವಾ ಶ್ವಾಸಕೋಶದ ಕಾಯಿಲೆ, ಥಲಸ್ಸೀಮಿಯಾ, ಸ್ಟೀರಾಯ್ಡ್ ಔಷಧಗಳ ಸೇವನೆ ಉಳಿದ ಕಾರಣಗಳು. ತನಗೆ ಸಕ್ಕರೆ ಕಾಯಿಲೆ ಇದೆಯೆಂದು ಈ ಜ್ವರದಿಂದ ಆಸ್ಪತ್ರೆ ಸೇರಿದ ಮೇಲೆಯೇ ತಿಳಿದವರೂ ಇದ್ದಾರೆ.

ಯಕೃತ್ತಿನಲ್ಲಿ ಬಾವು ಕಟ್ಟುವ ಬಗೆ

ಯಕೃತ್ತಿಗೆ ರಕ್ತ ಎರಡು ದಾರಿಗಳಲ್ಲಿ ಬರುತ್ತದೆ. ಕರುಳಿನಿಂದ ಆಹಾರದ ಸಾರವನ್ನು ಹೊತ್ತ ರಕ್ತ ದ್ವಾರನಾಳದ ಮೂಲಕವೂ ಹೃದಯದಿಂದ ಹೊರಟ ಶುದ್ಧ ರಕ್ತ ಯಕೃತ್ ಧಮನಿಯ ಮೂಲಕವೂ ಸೇರುತ್ತದೆ. ನೀರಿನೊಡನೆ ಹೊಟ್ಟೆಗೆ ಹೋದ ರೋಗಾಣುವಿಗೆ ಮೊದಲ ದಾರಿ, ಚರ್ಮದಿಂದಲೋ ಶ್ವಾಸಕೋಶದಿಂದಲೋ ರಕ್ತಕ್ಕೆ ಇಳಿದದ್ದಕ್ಕೆ ಎರಡನೆಯದು. ರಕ್ತವನ್ನು ಶೋಧಿಸುವ ಕುಪ್ಫರ್ ಕೋಶಗಳು ಯಕೃತ್ತಿನಲ್ಲಿ ಹೇರಳವಾಗಿವೆ. ಬೇರೆ ಬ್ಯಾಕ್ಟೀರಿಯಾಗಳು ಅಲ್ಲಿ ಸಾಯುತ್ತವೆ. ಕೋಶದೊಳಗೆ ಬದುಕಬಲ್ಲ ಈ ರೋಗಾಣು ಅಲ್ಲಿ ನೆಲೆ ಕಂಡುಕೊಳ್ಳುತ್ತದೆ. ಸುತ್ತ ಬಿಳಿ ರಕ್ತಕಣಗಳು ಮುತ್ತಿ ಸತ್ತು ಕೀವಾಗುತ್ತವೆ. ಹೀಗೆ ಹುಟ್ಟಿದ ಚಿಕ್ಕ ಚಿಕ್ಕ ಬಾವುಗಳು ಒಂದಕ್ಕೊಂದು ಅಂಟಿಕೊಂಡು, ನಡುವೆ ತೆಳುವಾದ ಗೋಡೆಗಳನ್ನು ಉಳಿಸಿಕೊಂಡೇ ಹಿಗ್ಗುತ್ತವೆ. ಸ್ಕ್ಯಾನ್‌ನಲ್ಲಿ ಕಾಣುವ ಈ ರಚನೆಯನ್ನು ವೈದ್ಯರು ಜೇನುಗೂಡು ಲಕ್ಷಣ ಎನ್ನುತ್ತಾರೆ. ಇದರೊಡನೆ ಗುಲ್ಮದಲ್ಲಿಯೂ, ಗಂಡಸರಲ್ಲಿ ಪ್ರಾಸ್ಟೇಟ್ ಗ್ರಂಥಿಯಲ್ಲಿಯೂ ಬಾವುಗಳಿರಬಹುದು.

ಲಕ್ಷಣಗಳು

ಚಳಿಜ್ವರ, ಬಲ ಪಕ್ಕೆಯ ಕೆಳಗೆ ನೋವು ಅಥವಾ ಭಾರ, ಊಟ ಸೇರದಿರುವುದು, ತೂಕ ಇಳಿಯುವುದು ಮುಖ್ಯ ಲಕ್ಷಣಗಳು. ಬಾವು ವಪೆಯ ಹತ್ತಿರವಿದ್ದರೆ ನೋವು ಬಲ ಭುಜದ ತುದಿಗೆ ಸೆಳೆಯುತ್ತದೆ. ಯಕೃತ್ತಿನ ಕಾಯಿಲೆಯೆಂದರೆ ಕಾಮಾಲೆ ಇರಲೇಬೇಕು ಎಂಬ ಭಾವನೆ ಇಲ್ಲಿ ದಾರಿ ತಪ್ಪಿಸುತ್ತದೆ, ಏಕೆಂದರೆ ಯಕೃತ್ತಿನ ಬಾವು ಇರುವ ಅನೇಕರ ಕಣ್ಣು ಹಳದಿಯಾಗುವುದಿಲ್ಲ.

ಮಲೆನಾಡಿನ ಮಳೆಗಾಲದ ಜ್ವರಗಳ ಪಟ್ಟಿ ಮೊದಲೇ ಉದ್ದವಾಗಿದೆ. ಇಲಿಜ್ವರ, ಡೆಂಗಿ, ವಿಷಮಶೀತಜ್ವರ ಎಲ್ಲವೂ ಇದೇ ತಿಂಗಳುಗಳಲ್ಲಿ ಬರುತ್ತವೆ. ಅವುಗಳಲ್ಲಿ ಬಹುಪಾಲು ಎರಡು ವಾರಗಳೊಳಗೆ ಒಂದು ತೀರ್ಮಾನಕ್ಕೆ ಬರುವ ಜ್ವರಗಳು. ಸಕ್ಕರೆ ಕಾಯಿಲೆಯುಳ್ಳ ದುಡಿಮೆಗಾರನೊಬ್ಬನಿಗೆ ಎರಡು ವಾರ ಕಳೆದರೂ ಜ್ವರ ಬಿಡದಿದ್ದರೆ, ಅಥವಾ ಇಂಜೆಕ್ಷನ್ ಕೊಟ್ಟಾಗ ಇಳಿದು ಬಿಟ್ಟಾಗ ಮರಳುತ್ತಿದ್ದರೆ, ಹೊಟ್ಟೆಯ ಅಲ್ಟ್ರಾಸೌಂಡ್ ತಡಮಾಡದೆ ಮಾಡಿಸಬೇಕು. ತಾಲ್ಲೂಕು ಕೇಂದ್ರದಲ್ಲಿ ದೊರೆಯಬಹುದಾದ ಈ ಒಂದು ಪರೀಕ್ಷೆ ಬಾವನ್ನು ತೋರಿಸುತ್ತದೆ. ಬಾವು ಯಾವ ರೋಗಾಣುವಿನದೆಂದು ಅದು ಹೇಳಲಾರದು.

ರೋಗನಿರ್ಣಯ

ಯಕೃತ್ತಿನ ಬಾವಿಗೆ ನಮ್ಮಲ್ಲಿ ಮೂರು ಕಾರಣಗಳನ್ನು ಮೊದಲು ಯೋಚಿಸುತ್ತಾರೆ. ಅಮೀಬಾದಿಂದಾದ ಬಾವು ಸಾಮಾನ್ಯವಾಗಿ ಒಂದೇ, ಯಕೃತ್ತಿನ ಬಲ ಹಾಲೆಯಲ್ಲಿ. ಅದರ ದ್ರವ ಕಂದು ಬಣ್ಣದ್ದು, ಮೆಟ್ರೊನಿಡಜೋಲ್‌ಗೆ ಬೇಗ ಬಗ್ಗುತ್ತದೆ. ಎರಡನೆಯದು ಕ್ಲೆಬ್ಸಿಯೆಲ್ಲಾ, ಇ. ಕೋಲೈ ಮೊದಲಾದ ಪರಿಚಿತ ಬ್ಯಾಕ್ಟೀರಿಯಾಗಳದ್ದು. ಮೂರನೆಯದು ಕ್ಷಯ. ನಾಲ್ಕನೆಯ ಸಾಧ್ಯತೆಯಾಗಿ ಮೆಲಿಯೊಯ್ಡೋಸಿಸ್ ವೈದ್ಯರ ಮನಸ್ಸಿಗೆ ಬರಬೇಕಾದರೆ ಸುಳಿವುಗಳು ಬೇಕು. ಜೇನುಗೂಡಿನ ರಚನೆ, ಯಕೃತ್ತು ಮತ್ತು ಗುಲ್ಮ ಎರಡರಲ್ಲಿಯೂ ಬಾವು, ಜೊತೆಗೆ ನ್ಯುಮೋನಿಯಾ, ಕೆಸರಿನಲ್ಲಿ ದುಡಿಮೆ, ಮಧುಮೇಹ: ಇವು ಕೂಡಿ ಬಂದಾಗ ಅನುಮಾನ ಬಲವಾಗುತ್ತದೆ.

ಅನುಮಾನವನ್ನು ಖಚಿತಪಡಿಸುವುದು ಕೃಷಿ ಪರೀಕ್ಷೆ. ಅಲ್ಟ್ರಾಸೌಂಡ್ ನೋಡಿಕೊಂಡು ಸೂಜಿಯಿಂದ ತೆಗೆದ ಕೀವು, ರಕ್ತ, ಮೂತ್ರ, ಕಫ, ಗಂಟಲಿನ ದ್ರವ ಇಷ್ಟನ್ನೂ ಕಳುಹಿಸುವುದು ಉತ್ತಮ. ಒಂದರಲ್ಲಿ ಸಿಗದ ರೋಗಾಣು ಇನ್ನೊಂದರಲ್ಲಿ ಸಿಗುತ್ತದೆ. ಸಾಧ್ಯವಾದಷ್ಟು ಇವೆಲ್ಲವನ್ನೂ ಪ್ರತಿಜೈವಿಕ ಔಷಧ ಆರಂಭಿಸುವ ಮೊದಲು ತೆಗೆಯಬೇಕು. ಹಾಗೆ ಮಾಡಿದರೂ ಕೃಷಿ ಪರೀಕ್ಷೆ ಪತ್ತೆಹಚ್ಚುವುದು ಸುಮಾರು ಶೇ. 60ರಷ್ಟು ರೋಗಿಗಳನ್ನು ಮಾತ್ರ. ಮೊದಲ ವರದಿಯಲ್ಲಿ ಏನೂ ಬೆಳೆಯಲಿಲ್ಲವೆಂದರೆ ಮತ್ತೆ ಕಳುಹಿಸಬೇಕೆಂದು ತಜ್ಞರು ಹೇಳುವುದು ಇದರಿಂದಲೇ.

ಪ್ರಯೋಗಾಲಯದಲ್ಲಿಯೂ ಎಡವಲು ಅವಕಾಶವಿದೆ. ಈ ಬ್ಯಾಕ್ಟೀರಿಯಾ ನಿಧಾನವಾಗಿ ಬೆಳೆಯುತ್ತದೆ. ಎರಡನೆಯ ದಿನ ನಯವಾಗಿ ಕಾಣುವ ಬೆಳವಣಿಗೆಯ ಚುಕ್ಕೆಗಳು ಮುಂದಿನ ದಿನಗಳಲ್ಲಿ ಒಣಗಿ ಸುಕ್ಕುಗಟ್ಟುತ್ತವೆ. ಆತುರದಲ್ಲಿ ತಟ್ಟೆಯನ್ನು ಎಸೆದರೆ, ಅಥವಾ ಬೆಳೆದದ್ದು ಸ್ಯೂಡೋಮೊನಾಸ್ ಜಾತಿಯ ಯಾವುದೋ ಕಲ್ಮಶವೆಂದು ಬರೆದುಬಿಟ್ಟರೆ, ರೋಗ ಕೈತಪ್ಪುತ್ತದೆ. ಆಸ್ಟ್ರೇಲಿಯಾದ ಆಶ್‌ಡೌನ್ 1979ರಲ್ಲಿ ರೂಪಿಸಿದ, ಜೆಂಟಾಮೈಸಿನ್ ಮತ್ತು ಕ್ರಿಸ್ಟಲ್ ವಯೊಲೆಟ್ ಸೇರಿಸಿದ ಮಾಧ್ಯಮದಲ್ಲಿ ಬೇರೆ ಬ್ಯಾಕ್ಟೀರಿಯಾಗಳು ಅಡಗಿ, ಇದು ನೇರಳೆ ಬಣ್ಣದಲ್ಲಿ ಸುಕ್ಕುಸುಕ್ಕಾಗಿ ಬೆಳೆಯುತ್ತದೆ. ದುಬಾರಿ ಯಂತ್ರಗಳಿಲ್ಲದ ಜಿಲ್ಲಾ ಪ್ರಯೋಗಾಲಯಕ್ಕೂ ಎಟುಕುವ ಸುಳಿವು ಇನ್ನೊಂದಿದೆ: ಆಕ್ಸಿಡೇಸ್ ಪರೀಕ್ಷೆಗೆ ಓಗೊಡುವ, ಜೆಂಟಾಮೈಸಿನ್‌ಗೂ ಕೊಲಿಸ್ಟಿನ್‌ಗೂ ಬಗ್ಗದ, ಆದರೆ ಅಮಾಕ್ಸಿಸಿಲಿನ್-ಕ್ಲಾವುಲನೇಟ್‌ಗೆ ಬಗ್ಗುವ ಗ್ರಾಂ ಋಣಾತ್ಮಕ ಕಡ್ಡಿ ಕಂಡರೆ ಅದು ಮೆಲಿಯೊಯ್ಡೋಸಿಸ್‌ನದೇ ಎಂದು ಎಣಿಸಿ ಮುಂದುವರಿಯಬೇಕು. ಈ ಮೂರು ಔಷಧಗಳ ಬಿಲ್ಲೆಗಳನ್ನಿಟ್ಟು ಮಾಡುವ ಪರೀಕ್ಷೆ ಅಗ್ಗವಾದದ್ದು, ಕಲಿಯಲು ಸುಲಭವಾದದ್ದು. ಮಲೆನಾಡಿನ ಪ್ರತಿಯೊಂದು ಪ್ರಯೋಗಾಲಯದಲ್ಲಿಯೂ ಇದು ರೂಢಿಗೆ ಬರಬೇಕು.

ಬೆಳೆದ ಬ್ಯಾಕ್ಟೀರಿಯಾವನ್ನು ದೃಢಪಡಿಸಲು ಲೇಟೆಕ್ಸ್ ಪರೀಕ್ಷೆ, ರೋಗಾಣುವಿನ ಹೊರಕವಚವನ್ನು ಗುರುತಿಸುವ ಪಟ್ಟಿ ಪರೀಕ್ಷೆ, ವಂಶವಾಹಿಯನ್ನು ಹುಡುಕುವ ಪಿಸಿಆರ್ ಬಳಕೆಯಲ್ಲಿವೆ. ಸ್ವಯಂಚಾಲಿತ ಯಂತ್ರಗಳು ಕೆಲವೊಮ್ಮೆ ಇದನ್ನು ಅದರ ಹತ್ತಿರದ ಬಂಧುವಾದ ಬರ್ಖೋಲ್ಡೇರಿಯಾ ಸೆಪೇಸಿಯಾ ಎಂದು ತಪ್ಪಾಗಿ ಹೆಸರಿಸುತ್ತವೆ. ರಕ್ತದಲ್ಲಿ ಪ್ರತಿಕಾಯವನ್ನು ಅಳೆಯುವ ಪರೀಕ್ಷೆ ನಮ್ಮಂಥ ಪ್ರದೇಶಗಳಲ್ಲಿ ಹೆಚ್ಚು ಉಪಯೋಗಕ್ಕೆ ಬರುವುದಿಲ್ಲ, ಏಕೆಂದರೆ ಜೀವನವಿಡೀ ಗದ್ದೆಯಲ್ಲಿ ದುಡಿದ ಆರೋಗ್ಯವಂತರ ರಕ್ತದಲ್ಲಿಯೂ ಆ ಪ್ರತಿಕಾಯಗಳಿರಬಹುದು. ಉಸಿರಿನ ಮೂಲಕ ಸೋಂಕು ಬರುವ ಸಾಧ್ಯತೆಯಿರುವುದರಿಂದ ಪ್ರಯೋಗಾಲಯದ ಸಿಬ್ಬಂದಿ ಸುರಕ್ಷಾ ಪೆಟ್ಟಿಗೆಯೊಳಗೆ ಕೆಲಸ ಮಾಡಬೇಕು, ಬೆಳೆದ ತಟ್ಟೆಯನ್ನು ಮೂಸಬಾರದು.

ಚಿಕಿತ್ಸೆಯ ಮೊದಲ ಹಂತ

ಯಕೃತ್ತಿನ ಬಾವಿಗೆ ವಾಡಿಕೆಯಾಗಿ ಕೊಡುವ ಸೆಫ್ಟ್ರಿಯಾಕ್ಸೋನ್ ಈ ರೋಗಕ್ಕೆ ಸಾಲದು. ಪ್ರಯೋಗಾಲಯದಲ್ಲಿ ಅದು ತುಸು ಪರಿಣಾಮ ತೋರಿದರೂ ಅದನ್ನು ಪಡೆದ ರೋಗಿಗಳಲ್ಲಿ ಸಾವು ಹೆಚ್ಚೆಂದು ಥಾಯ್ಲೆಂಡಿನ ಅನುಭವ ತೋರಿಸಿದೆ. ಪೆನಿಸಿಲಿನ್, ಆಂಪಿಸಿಲಿನ್, ಜೆಂಟಾಮೈಸಿನ್‌ಗಳಿಗೆ ಈ ಬ್ಯಾಕ್ಟೀರಿಯಾ ಸ್ವಭಾವತಃ ಬಗ್ಗುವುದಿಲ್ಲ.

ಬಗ್ಗುವುದು ಸೆಫ್ಟಾಜಿಡಿಮ್‌ಗೆ. 1989ರಲ್ಲಿ ಪ್ರಕಟವಾದ ಥಾಯ್ಲೆಂಡಿನ ಒಂದು ಅಧ್ಯಯನದಲ್ಲಿ ಹಳೆಯ ಔಷಧಗಳನ್ನು ಪಡೆದ ತೀವ್ರ ರೋಗಿಗಳಲ್ಲಿ ಶೇ. 74ರಷ್ಟು ಮಂದಿ ಸತ್ತರೆ, ಸೆಫ್ಟಾಜಿಡಿಮ್ ಪಡೆದವರಲ್ಲಿ ಆ ಪ್ರಮಾಣ ಶೇ. 37ಕ್ಕೆ ಇಳಿಯಿತು. ಇಂದಿಗೂ ಮೊದಲ ಆಯ್ಕೆ ಅದೇ. ರಕ್ತದೊತ್ತಡ ಕುಸಿದು ತೀವ್ರ ನಿಗಾ ಘಟಕ ಸೇರಿದವರಿಗೆ ಮೆರೊಪೆನೆಮ್ ಕೊಡುತ್ತಾರೆ. ಎರಡೂ ರಕ್ತನಾಳದ ಮೂಲಕವೇ ಹೋಗಬೇಕು, ದಿನಕ್ಕೆ ಮೂರು ನಾಲ್ಕು ಬಾರಿ. ಸಾಮಾನ್ಯ ಸೋಂಕಿಗೆ ಕನಿಷ್ಠ ಅವಧಿ ಎರಡು ವಾರ. ಯಕೃತ್ತಿನಂಥ ಆಳದ ಅಂಗದಲ್ಲಿ ಬಾವಿದ್ದರೆ ನಾಲ್ಕು ವಾರ ಅಥವಾ ಅದಕ್ಕಿಂತ ಹೆಚ್ಚು. ಈ ಅವಧಿಯನ್ನು ಕೊನೆಯ ಬಾರಿ ಕೀವು ತೆಗೆದ ದಿನದಿಂದ ಎಣಿಸುವುದು ಆಸ್ಟ್ರೇಲಿಯಾದ ಡಾರ್ವಿನ್ ನಗರದ ವೈದ್ಯರ ಪದ್ಧತಿ.

ಬಾವು ಒಂದೇ ಆಗಿ ದೊಡ್ಡದಿದ್ದರೆ ಚರ್ಮದ ಮೂಲಕ ಸಣ್ಣ ಕೊಳವೆ ಇಳಿಸಿ ಕೀವನ್ನು ಹೊರಹರಿಸುತ್ತಾರೆ. ಜೇನುಗೂಡಿನಂಥ ಬಾವು ಹೀಗೆ ಸುಲಭವಾಗಿ ಬಸಿಯುವುದಿಲ್ಲ, ಪ್ರತಿಯೊಂದು ಕೋಣೆಯೂ ಬೇರೆ. ಅಲ್ಲಲ್ಲಿ ಹರಡಿದ ಚಿಕ್ಕ ಬಾವುಗಳನ್ನು ಔಷಧಕ್ಕೇ ಬಿಡುವುದು ಕ್ರಮ. ಜೊತೆಗೆ ಇನ್ಸುಲಿನ್‌ನಿಂದ ಸಕ್ಕರೆಯನ್ನು ಹತೋಟಿಗೆ ತರುವುದು ಚಿಕಿತ್ಸೆಯ ಅವಿಭಾಜ್ಯ ಅಂಗ.

ಸರಿಯಾದ ಔಷಧ ಆರಂಭವಾದ ಮೇಲೂ ಜ್ವರ ಇಳಿಯಲು ಸರಾಸರಿ ಒಂಬತ್ತು ದಿನ ಹಿಡಿಯುತ್ತದೆ. ಬಾವಿದ್ದವರಲ್ಲಿ ಇನ್ನೂ ತಡವಾಗಬಹುದು. ಐದನೆಯ ದಿನವೂ ಮೈ ಸುಡುತ್ತಿರುವುದನ್ನು ಕಂಡು ಕುಟುಂಬದವರು ಗಾಬರಿಯಾಗಿ ಆಸ್ಪತ್ರೆ ಬದಲಿಸುವುದುಂಟು. ಈ ಜ್ವರದ ನಡೆಯೇ ಹಾಗೆಂದು ವೈದ್ಯರು ಮೊದಲ ದಿನವೇ ಕೂರಿಸಿ ಹೇಳಿದರೆ ಎಷ್ಟೋ ಸಂಕಟ ತಪ್ಪುತ್ತದೆ.

ಮೂರು ತಿಂಗಳ ಮಾತ್ರೆ

ಚುಚ್ಚುಮದ್ದಿನ ಹಂತ ಮುಗಿದಾಗ ರೋಗಿಗೆ ಹಸಿವು ಮರಳಿರುತ್ತದೆ, ಜ್ವರ ಬಿಟ್ಟಿರುತ್ತದೆ. ಕೋಶಗಳೊಳಗೆ ಉಳಿದ ರೋಗಾಣುಗಳು ಮಾತ್ರ ಸತ್ತಿರುವುದಿಲ್ಲ. ಅವುಗಳ ನಿರ್ಮೂಲನಕ್ಕೆ ಕೋ-ಟ್ರೈಮಾಕ್ಸಜೋಲ್ ಮಾತ್ರೆಯನ್ನು ಕನಿಷ್ಠ ಮೂರು ತಿಂಗಳು ನುಂಗಬೇಕು. ಪ್ರಮಾಣ ದೇಹತೂಕಕ್ಕೆ ತಕ್ಕಂತೆ ನಿಗದಿಯಾಗುತ್ತದೆ ಮತ್ತು ಸಾಮಾನ್ಯ ಸೋಂಕುಗಳಿಗೆ ಕೊಡುವುದಕ್ಕಿಂತ ಹೆಚ್ಚಿರುತ್ತದೆ. ಜೊತೆಗೆ ಫೋಲಿಕ್ ಆಮ್ಲ ಕೊಡುತ್ತಾರೆ. ಹಿಂದೆ ಇದರೊಡನೆ ಡಾಕ್ಸಿಸೈಕ್ಲಿನ್ ಸೇರಿಸುತ್ತಿದ್ದರು. ಸೇರಿಸಿದರೂ ಬಿಟ್ಟರೂ ಫಲಿತಾಂಶ ಒಂದೇ ಎಂದು 2014ರಲ್ಲಿ ಪ್ರಕಟವಾದ ಥಾಯ್ಲೆಂಡಿನ ಅಧ್ಯಯನ ತೋರಿಸಿದ ಮೇಲೆ ಅದನ್ನು ಕೈಬಿಡಲಾಯಿತು.

ಈ ಮಾತ್ರೆ ಎಲ್ಲರಿಗೂ ಒಗ್ಗುವುದಿಲ್ಲ. ಚರ್ಮದ ಮೇಲೆ ದದ್ದು, ಬಾಯಿ ಹುಣ್ಣು ಕಂಡರೆ ಕೂಡಲೇ ವೈದ್ಯರಲ್ಲಿಗೆ ಹೋಗಬೇಕು. ರಕ್ತಕಣಗಳ ಸಂಖ್ಯೆ, ಕ್ರಿಯಾಟಿನಿನ್, ಪೊಟ್ಯಾಸಿಯಂ ಪರೀಕ್ಷೆಗಳು ಮೊದಲ ವಾರಗಳಲ್ಲಿ ಆಗಾಗ ನಡೆಯಬೇಕು. ಸಲ್ಫಾ ಔಷಧ ಒಗ್ಗದವರಿಗೆ ಡಾಕ್ಸಿಸೈಕ್ಲಿನ್ ಅಥವಾ ಅಮಾಕ್ಸಿಸಿಲಿನ್-ಕ್ಲಾವುಲನೇಟ್ ಬದಲಿಯಾಗಿ ದೊರೆಯುತ್ತದೆ.

ಚಿಕಿತ್ಸೆ ಸೋಲುವುದಿದ್ದರೆ ಈ ಮೂರು ತಿಂಗಳಲ್ಲಿಯೇ. ಕಳಸದವರು ಕುದುರೆಮುಖ, ಕಾರ್ಕಳ ದಾಟಿ ಮಣಿಪಾಲಕ್ಕೂ ಮೂಡಿಗೆರೆಯವರು ಚಾರ್ಮಾಡಿ ಘಾಟಿ ಇಳಿದು ಮಂಗಳೂರಿಗೂ ಹೋಗಿ ತೋರಿಸಿಕೊಳ್ಳಬೇಕಾದಾಗ, ಒಂದು ದಿನದ ಕೂಲಿಯೂ ಬಸ್ ಖರ್ಚೂ ಲೆಕ್ಕಕ್ಕೆ ಬರುತ್ತವೆ. ಮಳೆಗಾಲದಲ್ಲಿ ಘಾಟಿಯೇ ಮುಚ್ಚಿರಬಹುದು. ತೋಟಗಳಿಗೆ ದೂರದ ರಾಜ್ಯಗಳಿಂದ ಬಂದ ಕಾರ್ಮಿಕರು ಕಾಫಿ ಕೊಯ್ಲು ಮುಗಿದೊಡನೆ ಊರಿಗೆ ಹೊರಡುತ್ತಾರೆ. ಔಷಧ ನಡುವೆ ನಿಲ್ಲಿಸಿದವರಲ್ಲಿ ರೋಗ ಮರುಕಳಿಸುವ ಸಂಭವ ಹೆಚ್ಚು, ಮರುಕಳಿಸಿದ ರೋಗ ಮೊದಲಿನಷ್ಟೇ ಮಾರಕ. ಮಾತ್ರೆಯ ಬೆಲೆ ದೊಡ್ಡದಲ್ಲ. ರಕ್ತಪರೀಕ್ಷೆಯನ್ನೂ ಮಾತ್ರೆ ವಿತರಣೆಯನ್ನೂ ಹತ್ತಿರದ ತಾಲ್ಲೂಕು ಆಸ್ಪತ್ರೆಯಲ್ಲಿಯೇ ನಡೆಸಿ, ವರದಿಯನ್ನು ಫೋನಿನಲ್ಲಿ ದೊಡ್ಡ ಆಸ್ಪತ್ರೆಯ ತಜ್ಞರಿಗೆ ಕಳುಹಿಸುವ ವ್ಯವಸ್ಥೆ ಈ ಬೆಟ್ಟಗಳಿಗೆ ಅತ್ಯಂತ ಅಗತ್ಯ.

ಏನು ಸಾಧ್ಯ ಎಂಬುದಕ್ಕೆ ಡಾರ್ವಿನ್ ನಗರದ ದಾಖಲೆಗಳೇ ಪ್ರಮಾಣ. ಅಲ್ಲಿ 1989ರಿಂದ ಪ್ರತಿಯೊಬ್ಬ ರೋಗಿಯ ವಿವರವನ್ನೂ ಬರೆದಿಡಲಾಗಿದೆ. ಮೊದಲ ಐದು ವರ್ಷಗಳಲ್ಲಿ ಶೇ. 31ರಷ್ಟಿದ್ದ ಸಾವಿನ ಪ್ರಮಾಣ ಮೂವತ್ತು ವರ್ಷಗಳ ಕೊನೆಗೆ ಶೇ. 6ಕ್ಕೆ ಇಳಿಯಿತು. ಈ ಅವಧಿಯಲ್ಲಿ ಪವಾಡದ ಹೊಸ ಔಷಧವೇನೂ ಬರಲಿಲ್ಲ. ಬೇಗ ಗುರುತಿಸುವುದು, ಸರಿಯಾದ ಔಷಧವನ್ನು ಮೊದಲ ದಿನವೇ ಕೊಡುವುದು, ತೀವ್ರ ನಿಗಾ ಆರೈಕೆಯನ್ನು ಸುಧಾರಿಸುವುದು, ಇವುಗಳಿಂದ ಅದು ಸಾಧ್ಯವಾಯಿತು.

ತಡೆಗಟ್ಟುವಿಕೆ

ಮನುಷ್ಯರಿಗೆ ಬಳಸಬಹುದಾದ ಲಸಿಕೆ ಇನ್ನೂ ಇಲ್ಲ. ಆದ್ದರಿಂದ ತಡೆಯೆಂದರೆ ಕೆಸರು ಮತ್ತು ಗಾಯ ಒಂದನ್ನೊಂದು ಮುಟ್ಟದಂತೆ ನೋಡಿಕೊಳ್ಳುವುದು. ಗಂಬೂಟು, ಕೈಗವಸು, ಗಾಯದ ಮೇಲೆ ನೀರು ಹಿಡಿಯದ ಪಟ್ಟಿ, ಕೆಲಸ ಮುಗಿದೊಡನೆ ಸೋಪು ಹಚ್ಚಿ ತೊಳೆಯುವುದು ಇಲಿಜ್ವರವನ್ನೂ ಜೊತೆಗೇ ತಡೆಯುತ್ತವೆ. ಅಬ್ಬಿ ನೀರನ್ನು ಕುದಿಸಿ ಕುಡಿಯಬೇಕು. ತೋಟದ ಲೈನುಗಳ ಟ್ಯಾಂಕಿಗೆ ಕ್ಲೋರಿನ್ ಹಾಕಿಸುವುದು ಮಾಲೀಕರ ಹೊಣೆ. ಸಕ್ಕರೆ ಕಾಯಿಲೆಯವರು, ಮೂತ್ರಪಿಂಡದ ರೋಗಿಗಳು ಜಡಿಮಳೆಯ ದಿನಗಳಲ್ಲಿ ಕೆಸರಿನ ಕೆಲಸವನ್ನು ಬಿಟ್ಟು ಒಳಗಿನ ಕೆಲಸ ಮಾಡುವಂತೆ ಹೊಂದಿಸಿಕೊಳ್ಳುವುದು ಒಳ್ಳೆಯದು.

ಒಮ್ಮೆ ಗುಣವಾದವರಿಗೆ ಮತ್ತೆ ಸೋಂಕು ತಗಲುವುದಿಲ್ಲವೆಂಬ ಖಾತರಿಯಿಲ್ಲ, ಏಕೆಂದರೆ ಈ ರೋಗ ಬಾಳುವ ರೋಗನಿರೋಧಕತೆಯನ್ನು ಕೊಟ್ಟುಹೋಗುವುದಿಲ್ಲ. ಅಂಥವರು ರೋಗಾಣುವಿನ ಹೆಸರು ಬರೆದಿರುವ ಡಿಸ್ಚಾರ್ಜ್ ಚೀಟಿಯನ್ನು ಜೋಪಾನವಾಗಿಟ್ಟುಕೊಂಡು, ಮುಂದೆ ಯಾವ ಜ್ವರ ಬಂದರೂ ಯಾವ ಆಸ್ಪತ್ರೆಗೆ ಹೋದರೂ ಅದನ್ನು ಮೊದಲು ತೋರಿಸಬೇಕು.